‘ಟ್ರೀ ಹಗ್ಗರ್’ ಅಂದ್ರೆ ಯಾರು? ಒಂದು ಕಡೆ ಕೊಂಕು, ಇನ್ನೊಂದು ಕಡೆ ಕರೆಯಾದ ಮಾತು

ನಮ್ಮ ಬಡಾವಣೆಯ ರಸ್ತೆ ಅಗಲ ಆಗುತ್ತದೆ ಅನ್ನುವ ಸುದ್ದಿ ಬಂದ ವಾರದಲ್ಲೇ ಮಳೆಮರಗಳ ಮೇಲೆ ಕೆಂಪು ಬಣ್ಣದಲ್ಲಿ ನಂಬರ್ ಬಿತ್ತು. ಒಂದರಿಂದ ಮೂವತ್ತೊಂದು. ರಾತ್ರಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅದೇ ಮಾತು. ‘ಮರ ಉಳಿಸ್ಕೊಂಡು ರಸ್ತೆ ಮಾಡೋಕೆ ಬರಲ್ವಾ?’ ಅಂತ ಒಬ್ಬರು ಕೇಳಿದರು. ಎರಡು ನಿಮಿಷದಲ್ಲಿ ಉತ್ತರ ಬಂತು: ‘ಶುರು ಆಯ್ತು ನೋಡಿ, ಟ್ರೀ ಹಗ್ಗರ್‌ಗಳ ಕಾಟ.’

ಮಾರನೇ ದಿನ ಪಕ್ಕದ ಮನೆಯ ಮಾಸ್ತರು ಗೇಟಿನ ಹತ್ತಿರ ಸಿಕ್ಕರು. ಶಿರಸಿ ಕಡೆಯವರು. ನಿವೃತ್ತಿಯಾದ ಮೇಲೆ ಮಗನ ಮನೆಗೆ ಬಂದಿದ್ದಾರೆ.

‘ತಮ್ಮಾ, ಈ ಟ್ರೀ ಹಗ್ಗರ್ ಅಂದ್ರೆ ಎಂತದು?’

‘ಮರ ಅಪ್ಪಿಕೊಳ್ಳೋರು ಅಂತ ಮಾಸ್ತರ್ರೇ. ಪರಿಸರದ ಪರ ಮಾತಾಡೋರನ್ನ ಹಾಗೆ ಕರೀತಾರೆ.’

‘ಅದು ಬೈಗುಳವಾ?’ ಅವರಿಗೆ ನಿಜಕ್ಕೂ ಆಶ್ಚರ್ಯ. ‘ನಮ್ಮ ಕಡೆ ಅದು ಚಳವಳಿ ಹೆಸರಲ್ವಾ!’

ಅವರ ಆಶ್ಚರ್ಯ ನನ್ನ ತಲೆಯಲ್ಲೇ ಉಳಿಯಿತು. ಮರ ಅಪ್ಪಿಕೊಳ್ಳುವುದು ಇಂಗ್ಲಿಷಿನಲ್ಲಿ ಕೊಂಕು, ಕನ್ನಡದಲ್ಲಿ ಕರೆ. ರಸ್ತೆ, ಮೆಟ್ರೊ, ಅಣೆಕಟ್ಟು, ಗಣಿ ಅಂತ ಎಲ್ಲೇ ಚರ್ಚೆ ಎದ್ದರೂ ಈಗ ಈ ಪದ ಕೇಳಿಬರುತ್ತಿದೆ. ಹಾಗಾಗಿ ಅದು ಎಲ್ಲಿಂದ ಬಂತು, ಯಾರು ಯಾಕೆ ಬಳಸುತ್ತಾರೆ ಅನ್ನುವುದನ್ನು ಬುಡದಿಂದ ನೋಡೋಣ.

ಹೇಳುವುದು ಒಂದು, ಅರ್ಥ ಇನ್ನೊಂದು

‘ಟ್ರೀ’ ಅಂದರೆ ಮರ, ‘ಹಗ್’ ಅಂದರೆ ಅಪ್ಪುಗೆ. ಟ್ರೀ ಹಗ್ಗರ್ ಅಂದರೆ ಮರವನ್ನು ಅಪ್ಪಿಕೊಳ್ಳುವವರು. ಇದು ಪದದ ನೇರ ಅರ್ಥ. ಬಳಕೆಯಲ್ಲಿ ಮಾತ್ರ ಅದು ಪರಿಸರವಾದಿಗಳಿಗೆ ಇಟ್ಟ ಅಡ್ಡಹೆಸರು. ಹೀಗೆ ಕರೆಸಿಕೊಳ್ಳಲು ಮರ ಮುಟ್ಟಿರಲೇಬೇಕು ಅಂತೇನಿಲ್ಲ. ಗಣಿ ಧೂಳಿನ ಬಗ್ಗೆ ದೂರು ಕೊಟ್ಟವರು, ಕೆರೆಗೆ ಚರಂಡಿ ನೀರು ಬಿಡಬೇಡಿ ಅಂದವರು, ಕಲ್ಲಿದ್ದಲು ಸುಡುವುದನ್ನು ಕಡಿಮೆ ಮಾಡಿ ಅಂದವರು, ಎಲ್ಲರಿಗೂ ಇದೇ ಹೆಸರು ಅಂಟುತ್ತದೆ.

ಹೆಸರಿನೊಳಗೆ ಕೆಲವು ಆರೋಪಗಳೂ ಇವೆ. ಇವರಿಗೆ ಭಾವನೆ ಜಾಸ್ತಿ, ಲೆಕ್ಕಾಚಾರ ಕಡಿಮೆ. ಇವರಿಗೆ ಮನುಷ್ಯರಿಗಿಂತ ಮರ ಮುಖ್ಯ. ಇವರಿಗೆ ಹೊಟ್ಟೆಪಾಡಿನ ಕಷ್ಟ ಗೊತ್ತಿಲ್ಲ. ಇಷ್ಟನ್ನೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಒಂದು ಅಡ್ಡಹೆಸರು ಇಟ್ಟರೆ ಸಾಕು, ಕೇಳಿದವರಿಗೆ ಅರ್ಥವಾಗುತ್ತದೆ.

ಮನೆ ಕಟ್ಟಿಸುವಾಗ ಮೇಸ್ತ್ರಿಗೆ ಸಿಮೆಂಟಿನ ಲೆಕ್ಕ ಕೇಳುತ್ತೀರಿ ಅಂದುಕೊಳ್ಳಿ. ಅವನು ಲೆಕ್ಕ ಕೊಡದೆ ‘ಏನ್ ಸಾರ್, ಇಷ್ಟು ಜಿಪುಣತನ’ ಅಂದುಬಿಟ್ಟರೆ? ನೀವು ‘ನಾನು ಜಿಪುಣ ಅಲ್ಲ’ ಅಂತ ಹೇಳುವುದರಲ್ಲೇ ಹೊತ್ತು ಹೋಗುತ್ತದೆ. ಸಿಮೆಂಟ್ ಎಷ್ಟು ಮೂಟೆ ಬಂತು ಅನ್ನುವುದು ಹಾಗೇ ಉಳಿಯುತ್ತದೆ. ಟ್ರೀ ಹಗ್ಗರ್ ಅನ್ನುವುದೂ ಹಾಗೇ ಕೆಲಸ ಮಾಡುತ್ತದೆ. ಮರದ ಬಗ್ಗೆ ನಡೆಯುತ್ತಿದ್ದ ಮಾತು ಮನುಷ್ಯನ ಸ್ವಭಾವದ ಕಡೆ ತಿರುಗುತ್ತದೆ. ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಅದೇ ಆಯಿತು. ಮೂವತ್ತೊಂದು ಮರದಲ್ಲಿ ಎಷ್ಟು ಉಳಿಸಬಹುದು ಅಂತ ಆಮೇಲೆ ಯಾರೂ ಕೇಳಲಿಲ್ಲ.

ಇಂಥ ಹೆಸರುಗಳು ಇನ್ನೂ ಇವೆ. ಆಸ್ಟ್ರೇಲಿಯಾದಲ್ಲಿ ಪರಿಸರವಾದಿಗಳನ್ನು ‘ಗ್ರೀನಿ’ ಅನ್ನುತ್ತಾರೆ. ನಮ್ಮ ದೇಶದ ಇಂಗ್ಲಿಷಿನಲ್ಲಿ ‘ಝೋಲಾವಾಲಾ’ ಅನ್ನುವುದಿದೆ, ಹೆಗಲಿಗೆ ಬಟ್ಟೆ ಚೀಲ ಹಾಕಿಕೊಂಡು ಓಡಾಡುವ ಹೋರಾಟಗಾರರು ಅಂತ. 1992ರ ಅಮೆರಿಕ ಚುನಾವಣೆಯಲ್ಲಿ ಅಧ್ಯಕ್ಷ ಜಾರ್ಜ್ ಬುಷ್, ಪರಿಸರದ ಬಗ್ಗೆ ಮಾತಾಡುತ್ತಿದ್ದ ಅಲ್ ಗೋರ್ ಅವರನ್ನು ‘ಓಝೋನ್ ಮ್ಯಾನ್’ ಅಂತ ಕರೆದಿದ್ದರು.

ಇಲ್ಲೊಂದು ವ್ಯತ್ಯಾಸ ತಿಳಿದಿರಲಿ. ಪರಿಸರ ವಿಜ್ಞಾನಿ ಬೇರೆ, ಪರಿಸರವಾದಿ ಬೇರೆ. ವಿಜ್ಞಾನಿ ಕಾಡು ಹೇಗೆ ಬದುಕುತ್ತದೆ ಅಂತ ಅಧ್ಯಯನ ಮಾಡುತ್ತಾರೆ. ಪರಿಸರವಾದಿ ಅದನ್ನು ಉಳಿಸಬೇಕು ಅಂತ ವಾದಿಸುತ್ತಾರೆ. ಡಾಕ್ಟರಿಗೂ, ಊರಿಗೆ ಆಸ್ಪತ್ರೆ ಬೇಕು ಅಂತ ಹೋರಾಡುವವರಿಗೂ ಇರುವಷ್ಟೇ ವ್ಯತ್ಯಾಸ. ಕೆಲವರು ಎರಡೂ ಆಗಿರುತ್ತಾರೆ. ಅಡ್ಡಹೆಸರು ಮಾತ್ರ ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕುತ್ತದೆ.

ಬನ್ನಿ ಮರದ ಊರು

‘ಜಗತ್ತಿನ ಮೊದಲ ಟ್ರೀ ಹಗ್ಗರ್‌ಗಳು ರಾಜಸ್ಥಾನದವರು’ ಅನ್ನುವ ಬರಹಗಳು ಆಗಾಗ ಹರಿದಾಡುತ್ತವೆ. ಘಟನೆ ನಿಜ. ಆದರೆ ಇಂಗ್ಲಿಷ್ ಪದ ಅಲ್ಲಿಂದಲೇ ಹುಟ್ಟಿತು ಅನ್ನಲು ಆಧಾರ ಇಲ್ಲ. ಆ ಪದ ಅಮೆರಿಕದ ಇಂಗ್ಲಿಷಿನಲ್ಲಿ ಬಳಕೆಗೆ ಬಂದದ್ದು 20ನೇ ಶತಮಾನದಲ್ಲಿ. ರಾಜಸ್ಥಾನದ ಘಟನೆ ನಡೆದದ್ದು 1730ರಲ್ಲಿ.

ಜೋಧಪುರದ ಹತ್ತಿರ ಖೇಜಡ್ಲಿ ಅಂತ ಒಂದು ಹಳ್ಳಿ. ಅಲ್ಲಿ ಬಿಷ್ಣೋಯಿ ಜನ ಇದ್ದರು. ಗುರು ಜಂಭೇಶ್ವರರು 15ನೇ ಶತಮಾನದಲ್ಲಿ ಹಾಕಿಕೊಟ್ಟ 29 ನಿಯಮಗಳನ್ನು ಪಾಲಿಸುವ ಪಂಥ ಅದು. ಬೀಸ್ ಅಂದರೆ ಇಪ್ಪತ್ತು, ನೌ ಅಂದರೆ ಒಂಬತ್ತು. ಅದರಿಂದಲೇ ಬಿಷ್ಣೋಯಿ ಅನ್ನುವ ಹೆಸರು ಬಂತು ಅನ್ನುತ್ತಾರೆ. ಹಸಿ ಮರ ಕಡಿಯಬಾರದು ಅನ್ನುವುದು ಆ ನಿಯಮಗಳಲ್ಲಿ ಒಂದು. ಮಹಾರಾಜ ಅಭಯ ಸಿಂಗ್ ಅರಮನೆ ಕೆಲಸಕ್ಕೆ ಸುಣ್ಣ ಸುಡಬೇಕಿತ್ತು. ಸುಣ್ಣದ ಗೂಡಿಗೆ ಸೌದೆ ಬೇಕಿತ್ತು. ಆಳುಗಳು ಖೇಜಡಿ ಮರ ಕಡಿಯಲು ಬಂದರು. ಅಮೃತಾ ದೇವಿ ಅನ್ನುವ ಹೆಂಗಸು ಮರ ತಬ್ಬಿ ನಿಂತರು. ಅವರನ್ನು ಕಡಿದರು. ಅವರ ಹೆಣ್ಣುಮಕ್ಕಳನ್ನೂ ಕಡಿದರು. ಸುತ್ತಲಿನ ಹಳ್ಳಿಗಳಿಂದ ಜನ ಬಂದು ಒಬ್ಬರಾದ ಮೇಲೆ ಒಬ್ಬರು ಮರಕ್ಕೆ ನಿಂತರು. ಸತ್ತವರು 363 ಜನ.

ಖೇಜಡಿ ಅಂದರೆ ಯಾವ ಮರ ಗೊತ್ತಾ? ನಮ್ಮ ಬನ್ನಿ. ವಿಜಯದಶಮಿ ದಿನ ಎಲೆ ಕೈಗಿಟ್ಟು ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಅನ್ನುತ್ತೇವಲ್ಲ, ಅದೇ ಬನ್ನಿ. ಮರುಭೂಮಿಯಲ್ಲಿ ಅದರ ಎಲೆ ದನ, ಆಡು, ಒಂಟೆಗಳಿಗೆ ಮೇವು. ಎಳೆಕಾಯಿ ಒಣಗಿಸಿಟ್ಟರೆ ವರ್ಷವಿಡೀ ಪಲ್ಯಕ್ಕಾಗುತ್ತದೆ. ಬೇರು ಆಳಕ್ಕೆ ಇಳಿದು ನೀರು ಹುಡುಕುತ್ತದೆ. ಅಂಥ ಜಾಗದಲ್ಲಿ ಆ ಮರ ಹೋದರೆ ಮನೆಯ ಹಟ್ಟಿಯೂ ಹೋಗುತ್ತದೆ, ಉಗ್ರಾಣವೂ ಹೋಗುತ್ತದೆ.

ಚಿಪ್ಕೊ: ಅಂಟಿಕೊಂಡು ನಿಲ್ಲು

ಮರ ಅಪ್ಪುವುದು ಜಗತ್ತಿಗೆಲ್ಲ ಗೊತ್ತಾಗಿದ್ದು 1970ರ ದಶಕದಲ್ಲಿ, ಈಗಿನ ಉತ್ತರಾಖಂಡದ ಚಮೋಲಿ ಜಿಲ್ಲೆಯಿಂದ. 1970ರಲ್ಲಿ ಅಲಕನಂದಾ ನದಿಗೆ ಭಾರೀ ನೆರೆ ಬಂತು. ಮೇಲಿನ ಗುಡ್ಡಗಳಲ್ಲಿ ಕಾಡು ಬೋಳಾಗಿದ್ದಕ್ಕೇ ಹೀಗಾಯಿತು ಅಂತ ಜನ ಅರ್ಥ ಮಾಡಿಕೊಂಡರು.

ಕಿಡಿ ಹೊತ್ತಿದ್ದು ನೇಗಿಲಿನ ವಿಷಯಕ್ಕೆ. ಚಂಡಿ ಪ್ರಸಾದ್ ಭಟ್ ಅವರ ದಶೋಲಿ ಗ್ರಾಮ ಸ್ವರಾಜ್ಯ ಸಂಘ ಊರವರಿಗೆ ನೇಗಿಲು, ನೊಗ ಮಾಡಿಕೊಡಲು ಕೆಲವು ಮರ ಕೇಳಿತು. ಅರಣ್ಯ ಇಲಾಖೆ ಕೊಡಲಿಲ್ಲ. ಅದೇ ಜಾತಿಯ ಮರಗಳನ್ನು ಆಟದ ಸಾಮಾನು ಮಾಡುವ ದೂರದ ಕಂಪನಿಯೊಂದಕ್ಕೆ ಕೊಟ್ಟಿತು. ಉಳುವವನಿಗೆ ಇಲ್ಲದ ಮರ ಬ್ಯಾಟಿಗೆ ಸಿಕ್ಕರೆ ಯಾರಿಗೆ ಸಿಟ್ಟು ಬರಲ್ಲ? 1973ರ ಏಪ್ರಿಲ್‌ನಲ್ಲಿ ಮಂಡಲ್ ಹಳ್ಳಿಯಲ್ಲಿ ಜನ ಡೋಲು ಬಡಿಯುತ್ತಾ ಕಾಡಿಗೆ ಹೊರಟರು. ಕಂಪನಿಯವರು ವಾಪಸ್ ಹೋದರು.

ಮುಂದಿನ ವರ್ಷ, 1974ರ ಮಾರ್ಚ್ 26ರಂದು ರೇಣಿ ಹಳ್ಳಿ. ಗಂಡಸರೆಲ್ಲ ಪರಿಹಾರದ ಹಣಕ್ಕಾಗಿ ಚಮೋಲಿಗೆ ಹೋಗಿದ್ದರು. ಆ ಹೊತ್ತು ನೋಡಿ ಮರ ಕಡಿಯುವವರು ಬಂದರು. ಗೌರಾ ದೇವಿ ಅನ್ನುವ ಮಹಿಳೆ 27 ಹೆಂಗಸರನ್ನು ಕರೆದುಕೊಂಡು ಕಾಡಿಗೆ ಹೋಗಿ ಅಡ್ಡ ನಿಂತರು. ಈ ಕಾಡು ನಮ್ಮ ‘ಮಾಯ್ಕಾ’ ಅಂದರು. ಮಾಯ್ಕಾ ಅಂದರೆ ತವರು. ಕಷ್ಟ ಬಂದಾಗ ಹೆಣ್ಣುಮಗಳು ಹೋಗಿ ನಿಲ್ಲುವ ಮನೆ. ನಮ್ಮ ಜನಪದದಲ್ಲಿ ತವರಿಗೆ ಎಷ್ಟು ತೂಕ ಇದೆ ಅಂತ ಗೊತ್ತಿರುವವರಿಗೆ ಆ ಮಾತು ಬಿಡಿಸಿ ಹೇಳಬೇಕಾಗಿಲ್ಲ.

‘ಚಿಪ್ಕೊ’ ಹಿಂದಿ ಪದ. ಅಂಟಿಕೋ, ಕಚ್ಚಿಕೊಂಡು ನಿಲ್ಲು ಅಂತ ಅರ್ಥ. ಸುಂದರಲಾಲ್ ಬಹುಗುಣ ಅವರು ಈ ಮಾತನ್ನು ಊರೂರಿಗೆ ಒಯ್ದರು. 1980ರ ದಶಕದ ಆರಂಭದಲ್ಲಿ ಆ ಹಿಮಾಲಯ ಭಾಗದಲ್ಲಿ 1000 ಮೀಟರ್‌ಗಿಂತ ಎತ್ತರದ ಜಾಗಗಳಲ್ಲಿ ಹಸಿ ಮರ ಕಡಿಯುವುದಕ್ಕೆ 15 ವರ್ಷ ತಡೆ ಬಿತ್ತು.

ಸಾಲ್ಕಣಿಯಲ್ಲಿ ಅದು ಅಪ್ಪಿಕೋ ಆಯಿತು

ಮಾಸ್ತರು ಹೇಳಿದ ಚಳವಳಿ ಇದು. 1983ರ ಸೆಪ್ಟೆಂಬರ್ 8. ಉತ್ತರ ಕನ್ನಡದ ಶಿರಸಿ ತಾಲ್ಲೂಕಿನ ಸಾಲ್ಕಣಿ. ಗಂಡಸರು, ಹೆಂಗಸರು, ಮಕ್ಕಳು ಕಾಡಿಗೆ ನಡೆದುಹೋಗಿ, ಕಡಿಯಲು ಗುರುತು ಮಾಡಿದ್ದ ಮರಗಳನ್ನು ಅಪ್ಪಿಕೊಂಡರು. ಆ ಸರದಿ 38 ದಿನ ನಡೆಯಿತು. ಜೊತೆಗಿದ್ದ ಪಾಂಡುರಂಗ ಹೆಗಡೆಯವರು ಹಿಮಾಲಯದಲ್ಲಿ ಚಿಪ್ಕೊ ನೋಡಿ ಬಂದವರು.

ಇಲ್ಲಿ ಕಾಡು ಯಾಕೆ ಅಷ್ಟು ಮುಖ್ಯ ಅಂತ ತಿಳಿಯಬೇಕಾದರೆ ಅಡಿಕೆ ತೋಟ ನೋಡಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಗಳ ಪಕ್ಕದಲ್ಲೇ ‘ಸೊಪ್ಪಿನ ಬೆಟ್ಟ’ ಇರುತ್ತದೆ. ಇದು ತೋಟದವರಿಗೆ ಸೊಪ್ಪು ತರಲು ಬಿಟ್ಟುಕೊಟ್ಟ ಕಾಡು. ಮಳೆಗಾಲದಲ್ಲಿ ಹಸಿ ಸೊಪ್ಪು, ಬೇಸಿಗೆಯಲ್ಲಿ ದರಕು, ಅಂದರೆ ಒಣಗಿ ಉದುರಿದ ಎಲೆ. ಅದನ್ನು ಹೊತ್ತು ತಂದು ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸುತ್ತಾರೆ. ದನ ತುಳಿದು, ಸಗಣಿ ಗಂಜಳ ಸೇರಿ, ಗುಂಡಿಯಲ್ಲಿ ಕೊಳೆತು ಗೊಬ್ಬರವಾಗುತ್ತದೆ. ಆ ಗೊಬ್ಬರ ಅಡಿಕೆ ಮರದ ಬುಡಕ್ಕೆ. ಬೆಟ್ಟದ ಎಲೆ ಹೀಗೆ ದನದ ಕಾಲಡಿಯಿಂದ ಹಾದು ಮಾರುಕಟ್ಟೆಗೆ ಹೋಗುವ ಅಡಿಕೆಯಾಗುತ್ತದೆ. ಇದರ ಜೊತೆಗೆ ಉಪ್ಪಾಗೆ, ಮುರುಗಲು, ಬೆತ್ತ, ಜೇನು, ಬೇಸಿಗೆಯಲ್ಲೂ ನಿಲ್ಲದ ಹಳ್ಳದ ನೀರು.

ಸಹಜ ಕಾಡು ಸವರಿ ತೇಗ, ನೀಲಗಿರಿ ನೆಟ್ಟಾಗ ಈ ಸರಪಳಿ ತುಂಡಾಯಿತು. ಪ್ಲೈವುಡ್ಡಿಗೆ ದೊಡ್ಡ ಮರಗಳು ಹೋದವು. ಒಂದು ದೊಡ್ಡ ಮರ ಬೀಳುವಾಗ ಸುತ್ತಲಿನ ಸಣ್ಣ ಮರಗಳನ್ನೂ ಮುರಿದುಕೊಂಡೇ ಬೀಳುತ್ತದೆ. ಕಾಗದದ ಮೇಲೆ ಕಡಿದದ್ದು ಸ್ವಲ್ಪ, ನೆಲದ ಮೇಲೆ ಹೋದದ್ದು ಜಾಸ್ತಿ.

ಈಗ ‘ಅಪ್ಪಿಕೋ’ ಅನ್ನುವ ಪದವನ್ನೇ ನೋಡಿ. ಇಂಗ್ಲಿಷಿನ ‘ಟ್ರೀ ಹಗ್ಗರ್’ ಬೇರೆಯವರು ನಮಗೆ ಇಡುವ ಹೆಸರು. ‘ಅಪ್ಪಿಕೋ’ ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತು, ಬಾ ಅಂತ ಕರೆಯುವ ಮಾತು. ಅದರಲ್ಲಿರುವ ‘ಕೋ’ ಸುಮ್ನೆ ಬಂದಿಲ್ಲ. ಬಡಿಸು ಅಂದರೆ ಬೇರೆಯವರಿಗೆ, ಬಡಿಸಿಕೋ ಅಂದರೆ ನಿನಗೆ. ಉಳಿಸು ಅಂದರೆ ಏನನ್ನೋ ಉಳಿಸು, ಉಳಿಸಿಕೋ ಅಂದರೆ ನಿನಗಾಗಿ ಉಳಿಸು. ಅಪ್ಪಿಕೋ ಅನ್ನುವುದರಲ್ಲೂ ಆ ‘ನಿನಗಾಗಿ’ ಕೂತಿದೆ ಅಂತ ನನಗೆ ಅನ್ನಿಸುತ್ತದೆ. ನಾಲ್ಕು ವರ್ಷದ ನಂತರ, 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಊರಿನ ಗೋಮಾಳಕ್ಕೆ ಹಾಕಿದ್ದ ನೀಲಗಿರಿ ಸಸಿ ಕಿತ್ತು, ಜನರಿಗೆ ಬೇಕಾದ ಸಸಿ ನೆಟ್ಟರು. ಅದಕ್ಕೂ ಇದೇ ಅಚ್ಚಿನ ಹೆಸರು: ಕಿತ್ತಿಕೋ-ಹಚ್ಚಿಕೋ.

ಅಪ್ಪಿಕೋದವರ ಘೋಷಣೆ ಮೂರೇ ಪದ: ಉಳಿಸು, ಬೆಳೆಸು, ಬಳಸು. ಕೊನೆಯ ಪದದ ಮೇಲೆ ಸ್ವಲ್ಪ ನಿಲ್ಲಿ. ಮರ ಮುಟ್ಟಲೇಬಾರದು ಅಂತ ಅವರು ಹೇಳಲಿಲ್ಲ. ಬಳಸಬೇಕು, ಆದರೆ ಮೊದಲೆರಡು ಕೆಲಸ ಮಾಡಿ ಬಳಸಬೇಕು ಅಂದರು. ಮರ ಅಪ್ಪುವವರಿಗೆ ಹೊಟ್ಟೆಪಾಡು ಗೊತ್ತಿಲ್ಲ ಅನ್ನುವ ಆರೋಪ ಈ ಜನರ ಮುಂದೆ ನಿಲ್ಲುವುದಿಲ್ಲ. ಖೇಜಡ್ಲಿಯಲ್ಲಿ ಮೇವು, ಮಂಡಲ್‌ನಲ್ಲಿ ನೇಗಿಲು, ಸಾಲ್ಕಣಿಯಲ್ಲಿ ಸೊಪ್ಪು. ಅವರು ಹೊಟ್ಟೆಪಾಡನ್ನೇ ಅಪ್ಪಿಕೊಂಡು ನಿಂತಿದ್ದರು.

1980ರ ದಶಕ ಮುಗಿಯುವ ಹೊತ್ತಿಗೆ ಪಶ್ಚಿಮ ಘಟ್ಟದ ಸಹಜ ಕಾಡುಗಳಲ್ಲಿ ಹಸಿ ಮರ ಕಡಿಯುವುದನ್ನು ಕರ್ನಾಟಕ ಸರ್ಕಾರ ನಿಲ್ಲಿಸಿತು.

ಅಪ್ಪಿಕೊಂಡರೆ ಮರ ಹೇಗೆ ಉಳಿಯುತ್ತದೆ?

ಮರದ ಗಾತ್ರ ಅಳೆಯುವಾಗ ಅರಣ್ಯ ಇಲಾಖೆಯವರು ಟೇಪನ್ನು ಎದೆಮಟ್ಟದಲ್ಲಿ ಸುತ್ತುತ್ತಾರೆ. ನೆಲದಿಂದ ಸುಮಾರು ನಾಲ್ಕೂವರೆ ಅಡಿ ಎತ್ತರ. ಮರ ಎಷ್ಟು ಬೆಲೆ ಬಾಳುತ್ತದೆ ಅನ್ನುವ ಲೆಕ್ಕಕ್ಕೆ ಆ ಸುತ್ತಳತೆ ಬೇಕು. ಮನುಷ್ಯ ಮರ ಅಪ್ಪಿದಾಗ ಕೈ ಸುತ್ತುವುದೂ ಹೆಚ್ಚುಕಡಿಮೆ ಅಲ್ಲೇ.

ಕೊಡಲಿ ಏಟು ಬೀಳಬೇಕಾದದ್ದು ಅದಕ್ಕಿಂತ ಕೆಳಗೆ, ಅಪ್ಪಿದವರ ಮೊಣಕಾಲಿನ ಹತ್ತಿರ. ಕಡಿಯಲು ಬಂದವನು ದಿನಗೂಲಿಯವನು. ಅವನಿಗೂ ಮನೆ ಮಕ್ಕಳಿದ್ದಾರೆ. ಮರಕ್ಕೆ ಕೊಡಲಿ ಬೀಸಲು ಕೂಲಿ ಪಡೆದಿದ್ದಾನೆ, ಮನುಷ್ಯರ ಕಾಲಿಗೆ ಅಲ್ಲ. ಅವನು ನಿಂತುಬಿಡುತ್ತಾನೆ. ಕೆಲಸ ಒಂದು ದಿನ ನಿಂತರೆ ಗುತ್ತಿಗೆದಾರನಿಗೆ ನಷ್ಟ. ಹತ್ತು ದಿನ ನಿಂತರೆ ಅಧಿಕಾರಿಗಳು ಬರುತ್ತಾರೆ, ಪತ್ರಿಕೆಯವರು ಬರುತ್ತಾರೆ, ಮಾತುಕತೆ ಶುರುವಾಗುತ್ತದೆ. ಅಪ್ಪುಗೆ ಗಳಿಸಿಕೊಡುವುದು ಈ ಹೊತ್ತನ್ನು. ಯಾರಿಗೂ ಕೈ ಎತ್ತದೆ ಕೆಲಸ ನಿಲ್ಲಿಸುವ ದಾರಿ ಇದು.

ಈಗ ಯಂತ್ರದ ಗರಗಸ ಬಂದಿದೆ. ದೊಡ್ಡ ಮರವೂ ನಿಮಿಷಗಳಲ್ಲಿ ಉರುಳುತ್ತದೆ. ಅದಕ್ಕೇ ಈಗಿನವರು ಮರದ ಹತ್ತಿರ ಹೋಗುವ ಮೊದಲೇ ಕೋರ್ಟಿಗೆ, ರಸ್ತೆಗೆ ಬರುತ್ತಾರೆ. ಬೆಂಗಳೂರಿನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಕಟ್ಟುವ ಯೋಜನೆ ಬಂದಾಗ 812 ಮರ ಹೋಗುತ್ತವೆ ಅನ್ನುವ ಲೆಕ್ಕ ಹೊರಬಿತ್ತು. 2016ರ ಅಕ್ಟೋಬರ್ 16ರಂದು ಸಾವಿರಾರು ಜನ ರಸ್ತೆ ಬದಿ ಕೈ ಕೈ ಹಿಡಿದು ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು.

ಅಮೆರಿಕದಲ್ಲಿ ಗೂಬೆ, ಗರಗಸ ಮತ್ತು ಈ ಪದ

ಟ್ರೀ ಹಗ್ಗರ್ ಅನ್ನುವುದರ ಖಾರ ಹೆಚ್ಚಿದ್ದು ಅಮೆರಿಕದ ಪಶ್ಚಿಮ ತೀರದಲ್ಲಿ. ಆರೆಗಾನ್, ವಾಷಿಂಗ್ಟನ್, ಉತ್ತರ ಕ್ಯಾಲಿಫೋರ್ನಿಯಾದ ಹಳೆಯ ಕಾಡುಗಳಲ್ಲಿ ಚುಕ್ಕೆ ಗೂಬೆಯ ಒಂದು ಜಾತಿ ಇದೆ. 1990ರಲ್ಲಿ ಅದನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ಕೋರ್ಟುಗಳು ಸರ್ಕಾರಿ ಕಾಡಿನ ಮರ ಮಾರಾಟಕ್ಕೆ ತಡೆ ಹಾಕಿದವು. ಸಾಮಿಲ್ಲುಗಳು ಮುಚ್ಚಿದವು. ಒಂದೇ ಮಿಲ್ಲನ್ನು ನಂಬಿ ಬದುಕಿದ್ದ ಊರುಗಳಿದ್ದವು. ಕೆಲಸ ಹೋದವರ ಸಿಟ್ಟು ‘ಟ್ರೀ ಹಗ್ಗರ್’ ಅನ್ನುವ ಮಾತಿನಲ್ಲಿ ಹೊರಬಂತು. ಆ ಸಿಟ್ಟಿನ ಹಿಂದಿನ ನೋವು ನಿಜವಾದದ್ದು. ಅದನ್ನು ಬಿಟ್ಟು ಈ ಪದದ ಕಥೆ ಹೇಳಿದರೆ ಅರ್ಧ ಹೇಳಿದ ಹಾಗೆ. ಹೊಸ ಯಂತ್ರಗಳು ಬಂದದ್ದು, ಮರದ ದಿಮ್ಮಿಗಳನ್ನು ಹಾಗೇ ಹೊರದೇಶಕ್ಕೆ ಕಳಿಸಿದ್ದು ಕೂಡ ಕೆಲಸ ಕಡಿಮೆ ಮಾಡಿದ್ದವು ಅನ್ನುವುದೂ ಅಷ್ಟೇ ನಿಜ.

ಅದೇ ಕಾಡಿನ ಕಡೆಯಿಂದಲೇ ಪದವನ್ನು ಹೆಮ್ಮೆಯಿಂದ ಹೊತ್ತವರೂ ಬಂದರು. ಜೂಲಿಯಾ ಬಟರ್‌ಫ್ಲೈ ಹಿಲ್ ಅನ್ನುವ ಯುವತಿ 1997ರ ಡಿಸೆಂಬರ್ 10ರಂದು ಕ್ಯಾಲಿಫೋರ್ನಿಯಾದ ಒಂದು ರೆಡ್‌ವುಡ್ ಮರ ಹತ್ತಿದರು. ಮರದ ಹೆಸರು ಲೂನಾ. ಎತ್ತರದಲ್ಲಿ ಹಲಗೆ ಕಟ್ಟಿಕೊಂಡು, ಟಾರ್ಪಾಲು ಹೊದೆಸಿಕೊಂಡು ಅಲ್ಲೇ ಇದ್ದರು. ಗಾಳಿ, ಮಳೆ, ಚಳಿ ಎಲ್ಲ ಅಲ್ಲೇ. ಕೆಳಗೆ ಇಳಿದದ್ದು 738 ದಿನಗಳ ಮೇಲೆ, ಆ ಮರವನ್ನೂ ಅದರ ಸುತ್ತ 200 ಅಡಿ ಕಾಡನ್ನೂ ಕಡಿಯುವುದಿಲ್ಲ ಅಂತ ಕಂಪನಿ ಒಪ್ಪಿದ ಮೇಲೆ. ಮುಂದಿನ ವರ್ಷ ಯಾರೋ ಲೂನಾಗೆ ಗರಗಸ ಹಾಕಿ ಕಾಂಡವನ್ನು ಆಳಕ್ಕೆ ಕೊಯ್ದರು. ಉಕ್ಕಿನ ಪಟ್ಟಿ ಕಟ್ಟಿ ಮರ ಬೀಳದ ಹಾಗೆ ನೋಡಿಕೊಂಡರು.

ಈಗ ಇಂಗ್ಲಿಷಿನಲ್ಲಿ ಈ ಪದ ಯಾರ ಬಾಯಲ್ಲಿ ಬರುತ್ತದೆ ಅನ್ನುವುದರ ಮೇಲೆ ಅರ್ಥ ಬದಲಾಗುತ್ತದೆ. ಎದುರಾಳಿ ಅಂದರೆ ಚುಚ್ಚುಮಾತು. ಗೆಳೆಯರು ಅಂದರೆ ಸಲಿಗೆ. ‘ಹೌದು, ನಾನು ಟ್ರೀ ಹಗ್ಗರ್’ ಅಂತ ತಾವೇ ಅಂದುಕೊಂಡರೆ ಹೆಮ್ಮೆ. ಯಾರು, ಯಾರಿಗೆ, ಯಾವ ದನಿಯಲ್ಲಿ ಅಂದರು ಅಂತ ನೋಡದೆ ತೀರ್ಮಾನಕ್ಕೆ ಬರಬೇಡಿ.

ಕನ್ನಡದಲ್ಲಿ ಹೇಳುವುದು ಹೇಗೆ?

‘ಟ್ರೀ ಹಗ್ಗರ್’ ಅನ್ನು ಕನ್ನಡಕ್ಕೆ ತರಲು ಹೊರಟರೆ ತೊಡಕಿದೆ. ‘ಅಪ್ಪಿಕೋದವರು’ ಅಂದರೆ ಕೊಂಕು ಮಾಯವಾಗಿ ಗೌರವ ಬಂದುಬಿಡುತ್ತದೆ. ‘ವೃಕ್ಷಪ್ರೇಮಿ’ ಅಂದರೆ ಸನ್ಮಾನ ಪತ್ರದ ಮಾತಾಗುತ್ತದೆ. ನಮ್ಮಲ್ಲಿ ಚುಚ್ಚಬೇಕೆಂದವರು ಬೇರೆ ದಾರಿ ಹಿಡಿದಿದ್ದಾರೆ. ‘ಡೋಂಗಿ ಪರಿಸರವಾದಿ’ ಅನ್ನುತ್ತಾರೆ. ಅಲ್ಲೂ ಬೈಗುಳ ಇರುವುದು ಡೋಂಗಿ ಅನ್ನುವುದರಲ್ಲಿ. ಪರಿಸರವಾದಿ ಅನ್ನುವುದನ್ನು ಹಾಗೇ ಬಿಟ್ಟಿದ್ದಾರೆ. ವರದಿಯಲ್ಲಿ ಬರೆಯುವವರಿಗೆ ‘ಪರಿಸರ ಹೋರಾಟಗಾರರು’ ಅನ್ನುವ ಸರಳ ಮಾತು ಸಾಕು. ಯಾರಾದರೂ ಕೊಂಕಾಗಿಯೇ ಅಂದಿದ್ದರೆ ‘ಟ್ರೀ ಹಗ್ಗರ್’ ಅಂತ ಹಾಗೇ ಇಟ್ಟು, ಅದು ಅಡ್ಡಹೆಸರು ಅಂತ ಒಂದು ಮಾತು ಸೇರಿಸಿದರೆ ಓದುವವರಿಗೆ ಗೊತ್ತಾಗುತ್ತದೆ.

ಕನ್ನಡದ ಜನ ಮರದ ಹೆಸರನ್ನು ಒಬ್ಬ ಹೆಂಗಸಿನ ಹೆಸರಿನ ಮುಂದೆ ಇಟ್ಟದ್ದೂ ಇದೆ. ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿನವರೆಗೆ, ಸುಮಾರು 4 ಕಿಲೋಮೀಟರ್ ರಸ್ತೆ ಬದಿ ಗಂಡ ಹೆಂಡತಿ ಸೇರಿ ಆಲದ ಸಸಿ ನೆಟ್ಟರು. ಮೊದಲ ವರ್ಷ 10, ಮರುವರ್ಷ 15, ಅದರಾಚೆ 20. ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದರು. ದನ ತಿನ್ನದ ಹಾಗೆ ಮುಳ್ಳು ಕಟ್ಟಿದರು. ಜನ ಅವರನ್ನು ಸಾಲುಮರದ ತಿಮ್ಮಕ್ಕ ಅಂದರು. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಬಾಗೇಪಲ್ಲಿ-ಹಲಗೂರು ರಸ್ತೆ ಅಗಲ ಮಾಡುವ ಕೆಲಸಕ್ಕೆ ಆ ಆಲದ ಮರಗಳು ಅಡ್ಡ ಬಂದವು. ನೂರು ದಾಟಿದ ಆ ಅಜ್ಜಿ ಮುಖ್ಯಮಂತ್ರಿಗಳವರೆಗೆ ಹೋಗಿ ಮರ ಕಡಿಯಬೇಡಿ ಅಂತ ಕೇಳಿಕೊಂಡರು. ಮರಗಳನ್ನು ಬಿಟ್ಟು ಬೇರೆ ದಾರಿ ನೋಡುತ್ತೇವೆ ಅಂತ ಸರ್ಕಾರ ಹೇಳಿತು.